ಬಾಕ್ಸ್‌ವುಡ್ ಗಿಡದ ಎಲೆ ಉದುರಿದರೆ ನೀರು ಹೆಚ್ಚಿಸಬೇಕೆ?

ಪ್ರಶ್ನೆ: ನಮ್ಮ ಬಾಕ್ಸ್‌ವುಡ್ ಬೇಲಿಯ ಎಲೆಗಳು ಕೆಲವೇ ದಿನಗಳಲ್ಲಿ ಉದುರಿ ಬರೀ ಕಡ್ಡಿಗಳು ಉಳಿದಿವೆ. ದಿನವೂ ಗಿಡವೆಲ್ಲ ತೋಯುವಂತೆ ನೀರು ಹಾಕಿದರೂ ಚೇತರಿಕೆ ಇಲ್ಲ. ಇನ್ನೆಷ್ಟು ನೀರು ಬೇಕು?

ಉತ್ತರ: ಹೇಳಿ ಹೇಳಿ ಸಾಕಾಗಿದ್ದರೂ ಮತ್ತೊಮ್ಮೆ ಹೇಳುತ್ತೇನೆ: ನೀರು ಹೆಚ್ಚಿಸುವುದಿರಲಿ, ಎಲೆಗಳ ಮೇಲೆ ನೀರು ಸುರಿಯುವುದನ್ನು ಇಂದೇ ನಿಲ್ಲಿಸಿ. ಇದು ಕ್ಯಾಲೊನೆಕ್ಟ್ರಿಯಾ ಸ್ಯೂಡೊನ್ಯಾವಿಕ್ಯುಲೇಟ ಎಂಬ ಶಿಲೀಂಧ್ರದಿಂದ ಬರುವ, 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಗಮನಕ್ಕೆ ಬಂದ ಅಂಗಮಾರಿ ರೋಗದಂತೆ ಕಾಣುತ್ತದೆ.

ನೀರಿಲ್ಲದೆ ಸೊರಗಿದ ಗಿಡದ ಎಲೆಗಳು ನಿಧಾನವಾಗಿ ಬಣ್ಣಗೆಟ್ಟು, ಒಣಗಿದ ಮೇಲೂ ಬಹಳ ದಿನ ರೆಂಬೆಗೆ ಅಂಟಿಕೊಂಡೇ ಇರುತ್ತವೆ. ಅಂಗಮಾರಿಯಲ್ಲಿ ಹಾಗಲ್ಲ, ಕಡುಗಂದು ಅಂಚಿನ ದುಂಡು ಚುಕ್ಕೆಗಳೆದ್ದ ಎಲೆ ಇನ್ನೂ ಅರ್ಧ ಹಸಿರಾಗಿರುವಾಗಲೇ ಕಳಚಿ ಬೀಳುತ್ತದೆ, ಎಳೆಯ ಕಾಂಡದ ಮೇಲೆ ಕಪ್ಪು ಗೀರುಗಳು ಮೂಡುತ್ತವೆ. ನಂಬಿಕೆ ಬಾರದಿದ್ದರೆ ಅಂಥದೊಂದು ರೆಂಬೆಯನ್ನು ಒದ್ದೆ ಕಾಗದದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಕೆಲವು ದಿನಗಳ ನಂತರ ಎಲೆಯ ತಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿ: ಬಿಳಿ ಬೀಜಕಗಳ, ಅಂದರೆ ಶಿಲೀಂಧ್ರ ಹರಡುವ ಸೂಕ್ಷ್ಮ ಕಣಗಳ, ಗುಂಪುಗಳು ಕಾಣಬಹುದು.

ಈ ಬೀಜಕಗಳು ಅಂಟಂಟಾಗಿರುವುದರಿಂದ ಗಾಳಿಯಲ್ಲಿ ದೂರ ಹಾರುವುದಿಲ್ಲ. ಅವು ಸಿಡಿಯುವ ನೀರಹನಿ, ಕತ್ತರಿ, ಬಟ್ಟೆಗಳ ಮೂಲಕ ಹರಡುತ್ತವೆ, ಮತ್ತು 18ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಎಲೆ ಕೆಲವು ಗಂಟೆ ಒದ್ದೆಯಾಗಿದ್ದರೆ ಸೋಂಕು ತಗಲುತ್ತದೆ. ಹೀಗಿರುವಾಗ ಮೇಲಿನಿಂದ ನೀರೆರೆಯುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆಯೇ ಸರಿ. ಆದರೂ ನೀರು ಹೆಚ್ಚಿಸಿದರೆ ಗಿಡ ಚೇತರಿಸುತ್ತದೆ ಎಂಬ ನಂಬಿಕೆ ಸಾಯುವುದಿಲ್ಲ, ಏಕೆಂದರೆ ರೋಗ ಬೇರನ್ನು ಮುಟ್ಟುವುದಿಲ್ಲ. ಬೋಳಾದ ಗಿಡ ತಾನಾಗಿಯೇ ಮತ್ತೆ ಚಿಗುರುತ್ತದೆ, ಕೀರ್ತಿ ಮಾತ್ರ ನೀರಿಗೆ ಸಲ್ಲುತ್ತದೆ. ಮುಂದಿನ ತೇವದ ದಿನಗಳಲ್ಲಿ ಆ ಚಿಗುರೂ ಉದುರಿದಾಗ ಇನ್ನೊಂದು ಕೊಡ ನೀರು!

ಮಾಡಬೇಕಾದದ್ದು ಇಷ್ಟೇ: ಒಣಹವೆಯಲ್ಲಿ ರೋಗದ ರೆಂಬೆಗಳನ್ನು ಕತ್ತರಿಸಿ, ಉದುರಿದ ಎಲೆಗಳನ್ನೆಲ್ಲ ಆರಿಸಿ, ಚೀಲದಲ್ಲಿ ಕಟ್ಟಿ ಹೊರಹಾಕಿ. ಅವು ಗೊಬ್ಬರದ ಗುಂಡಿಗೆ ಹೋಗಬಾರದು. ಕತ್ತರಿಯನ್ನು ಆಲ್ಕೊಹಾಲಿನಿಂದ ಒರೆಸಿ, ನೀರನ್ನು ಬುಡಕ್ಕೆ ಮಾತ್ರ ಹಾಕಿ. ಶಿಲೀಂಧ್ರನಾಶಕ ಮುಖ್ಯವಾಗಿ ಆರೋಗ್ಯವಾಗಿರುವ ಎಲೆಗೆ ರಕ್ಷಣೆ ಕೊಡುತ್ತದೆ. ಚುಕ್ಕೆ ಬಿದ್ದ ಎಲೆಯನ್ನು ಸರಿಪಡಿಸುವುದಿಲ್ಲ.

ನೀವು ಕೇಳಿಲ್ಲ, ಆದರೂ ಗಿಡವನ್ನೇ ಕೀಳಬೇಕಾಗಿ ಬಂದರೆ ಆ ಜಾಗದಲ್ಲಿ ಏನು ನೆಡಬಹುದೆಂಬುದನ್ನೂ ಹೇಳಿಬಿಡುತ್ತೇನೆ. ಉದುರಿದ ಎಲೆಗಳಲ್ಲಿ ಈ ಶಿಲೀಂಧ್ರ ಐದಾರು ವರ್ಷ ಬದುಕಿರಬಲ್ಲದು, ಆದ್ದರಿಂದ ಅಲ್ಲಿ ಸದ್ಯಕ್ಕೆ ಬಾಕ್ಸ್‌ವುಡ್ ಬೇಡ. ಅದೇ ಕುಟುಂಬಕ್ಕೆ ಸೇರಿದ ಪ್ಯಾಕಿಸ್ಯಾಂಡ್ರ, ಸಾರ್ಕೊಕೊಕ್ಕ ಗಿಡಗಳಿಗೂ ಈ ರೋಗ ತಗಲುವುದರಿಂದ ಅವೂ ಬೇಡ. ನೋಟಕ್ಕೆ ಬಾಕ್ಸ್‌ವುಡ್ಡನ್ನೇ ಹೋಲುವ, ಆದರೆ ಬೇರೆ ಕುಟುಂಬದ ಜಪಾನಿ ಹಾಲಿ ಎಂಬ ಪೊದೆಗಿಡವನ್ನು ನೆಡಬಹುದು.