ಕೆರೆ ಪಾರ್ಕಿನ ಮಳೆನೀರು: ಅನುದಾನದ ಅರ್ಜಿಯೊಳಗಿನ ಲೆಕ್ಕ

ಪ್ರಶ್ನೆ ಇದು. ಶಿರಸಿಯಂಥ ಊರಿನ ನಗರಸಭೆ ತನ್ನ ಕೆರೆ ಪಾರ್ಕಿಗೆ ನುಗ್ಗುವ ಮಳೆನೀರಿಗೆ ಸರಿಯಾದ ದಾರಿ ಮಾಡಲು ಅನುದಾನ ಕೇಳಬೇಕು. ಅರ್ಜಿಯ ಜೊತೆ ಕೊಡುವ ಡಿಪಿಆರ್‌ನಲ್ಲಿ (ವಿವರವಾದ ಯೋಜನಾ ವರದಿಯಲ್ಲಿ) ಏನಿರಬೇಕು? ಜೂನಿಯರ್ ಇಂಜಿನಿಯರ್ ಹುದ್ದೆಗೆ ಓದುತ್ತಿರುವ ನಮ್ಮ ಗುಂಪಿನಲ್ಲಿ ಈಗ ನಡೆಯುತ್ತಿರುವುದು ಇದೇ ವಿಷಯ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಎಸ್ಟಿಮೇಟ್ ಹಾಕುವುದು, ದರಪಟ್ಟಿ ನೋಡುವುದು, ಟೆಂಡರ್ ಕರೆಯುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟಿದ್ದೇನೆ. ನನ್ನನ್ನು ಜಾಸ್ತಿ ಕಾಡಿದ್ದು ಒಂದೇ ವಿಷಯ: ಗಂಟೆಗೆ ಎಷ್ಟು ಮಳೆ ಎಂದು ಹಿಡಿಯಬೇಕು? ಟಿಪ್ಪಣಿಯ ಅರ್ಧ ಜಾಗ ಅದಕ್ಕೇ ಹೋಗಿದೆ.

ನೀರು ಬರುವ ಜಾಗ

ಪಾರ್ಕಿನ ನಕ್ಷೆಯಿಂದ ಶುರು ಮಾಡಬೇಡಿ. ಕೆರೆಗೆ ನೀರು ಎಲ್ಲೆಲ್ಲಿಂದ ಇಳಿಯುತ್ತದೆ ಅಂತ ಮೊದಲು ನೋಡಿ. ಅದೇ ಜಲಾನಯನ. ಶಿರಸಿಯ ನೆಲ ಏರು ತಗ್ಗಿನದು. ಒಂದೇ ರಸ್ತೆಯ ಎಡಬದಿಯ ಗಟಾರ ಒಂದು ಕಡೆ, ಬಲಬದಿಯದು ಇನ್ನೊಂದು ಕಡೆ ಹೋಗುವುದುಂಟು. ಶಂಕರಹೊಂಡವನ್ನು ಅಘನಾಶಿನಿಯ ಮೂಲ ಎನ್ನುತ್ತೇವೆ. ಆ ಕಡೆ ಇಳಿಯುವ ಗಟಾರದಲ್ಲಿ ಬಿದ್ದದ್ದು ಮಧ್ಯೆ ಅಣೆಕಟ್ಟೇ ಇಲ್ಲದ ಹೊಳೆಯಲ್ಲಿ ತದಡಿಯ ಅಳಿವೆಯವರೆಗೂ ಹೋಗಬಲ್ಲದು. ಹಾಗಾಗಿ ಇದು ಒಂದು ವಾರ್ಡಿನ ಕೆಲಸ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ.

ಗಟಾರ ಕೆರೆಗೆ ಸೇರುವ ಮೂಲೆಯಲ್ಲಿ ನಿಂತು ನೋಡಿ. ಕೆಂಪು ಮಣ್ಣು ಬೀಸಣಿಗೆಯ ಆಕಾರದಲ್ಲಿ ಹರಡಿಕೊಂಡಿರುತ್ತದೆ. ಅದರ ಮೇಲೆ ಕೆಸು ಎದ್ದಿದ್ದರೆ ಆ ಹೂಳು ಈ ವರ್ಷದ್ದಷ್ಟೇ ಅಲ್ಲ ಎಂದು ತಿಳಿಯಿರಿ. ಕೆಸುವಿನ ಬುಡದಲ್ಲಿ ಅಡಿಕೆ ಸಿಪ್ಪೆ, ಹಾಲಿನ ಪ್ಯಾಕೆಟ್ಟು, ಚಿರೆಕಲ್ಲಿನ ಚೂರು ಸಿಕ್ಕಿಕೊಂಡಿರುತ್ತವೆ. ಮೇಲಿನ ಓಣಿಗಳಲ್ಲಿ ಏನು ನಡೆಯುತ್ತಿದೆ ಎನ್ನುವುದಕ್ಕೆ ಅಷ್ಟು ಸಾಕು. ಚಿರೆಕಲ್ಲಿನ ಚೂರು ಜಾಸ್ತಿ ಇದ್ದರೆ ಮೇಲೆಲ್ಲೋ ಮನೆ ಕಟ್ಟುತ್ತಿದ್ದಾರೆ, ಬಿಚ್ಚಿದ ಮಣ್ಣು ಬಿಚ್ಚಿದ ಹಾಗೇ ಇದೆ.

ಸೂತ್ರ, ಮತ್ತು ಆ 360

ಸಣ್ಣ ಜಲಾನಯನಕ್ಕೆ ಎಲ್ಲರೂ ಬಳಸುವುದು ರ‍್ಯಾಷನಲ್ ಸೂತ್ರ. ಕ್ಯೂ = ಸಿ × ಐ × ಎ ÷ 360. ಕ್ಯೂ ಅಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು. ಐ ಅಂದರೆ ಗಂಟೆಗೆ ಎಷ್ಟು ಮಿ.ಮೀ. ಮಳೆ. ಎ ಅಂದರೆ ಹೆಕ್ಟೇರ್. ಸಿ ಅಂದರೆ ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಹೋಗುತ್ತದೆ ಎನ್ನುವ ಗುಣಾಂಕ.

360 ಎಲ್ಲಿಂದ ಬಂತು? ಇದು ನನ್ನ ಮೆಚ್ಚಿನ ಅಡ್ಡದಾರಿ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 10 ಘನ ಮೀಟರ್, ಅಂದರೆ 10,000 ಲೀಟರ್. ಅದು ಒಂದು ಗಂಟೆಯಲ್ಲಿ ಬಿದ್ದರೆ 10ನ್ನು 3,600 ಸೆಕೆಂಡಿನಿಂದ ಭಾಗಿಸಿ. 360ರಲ್ಲಿ ಒಂದು ಪಾಲು. ಅಷ್ಟೇ. 'ಹೆಕ್ಟೇರಿಗೆ ಒಂದು ಮಿ.ಮೀ. ಅಂದರೆ ಹತ್ತು ಸಾವಿರ ಲೀಟರ್' ಎಂಬ ಒಂದು ಮಾತು ನೆನಪಿದ್ದರೆ ಸೂತ್ರ ಮರೆತರೂ ಪರೀಕ್ಷೆಯಲ್ಲಿ ಮತ್ತೆ ಕಟ್ಟಿಕೊಳ್ಳಬಹುದು.

ಸಿ ವಿಷಯ ಬೇಗ ಮುಗಿಯುತ್ತದೆ. ಚಾವಣಿ ಮತ್ತು ಡಾಂಬರಿಗೆ 0.9ರ ಆಸುಪಾಸು. ಹಿತ್ತಲು, ಹುಲ್ಲುನೆಲಕ್ಕೆ 0.3ರ ಹತ್ತಿರ. ನಮ್ಮ ಲೆಕ್ಕಕ್ಕೆ 20 ಹೆಕ್ಟೇರ್ ಜಲಾನಯನ ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕೆ ಮಾತ್ರ ಇರುವ ಕೆರೆ, ದೇವಿಕೆರೆಯದೋ ಕೋಟೆಕೆರೆಯದೋ ಅಂಕಿ ಅಂತ ತಿಳಿಯಬೇಡಿ. ಅದರಲ್ಲಿ 8 ಹೆಕ್ಟೇರ್ ಚಾವಣಿ ಮತ್ತು ರಸ್ತೆ (0.9), 7 ಹೆಕ್ಟೇರ್ ಹಿತ್ತಲು, ತೋಟ (0.3), 5 ಹೆಕ್ಟೇರ್ ಇಳಿಜಾರಿನ ಬೆಟ್ಟ (0.4). ಗುಣಿಸಿ ಕೂಡಿಸಿದರೆ 11.3. ಅದನ್ನು 20ರಿಂದ ಭಾಗಿಸಿದರೆ ಸರಾಸರಿ ಸಿ 0.565.

ಗಂಟೆಗೆ ಎಷ್ಟು ಮಳೆ?

ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ. ಗಟಾರದ ಅಳತೆಗೆ ಈ ಅಂಕಿಯಿಂದ ಏನೂ ಉಪಯೋಗವಿಲ್ಲ. ಮಾರಿಕಾಂಬಾ ಜಾತ್ರೆಗೆ ಒಟ್ಟು ಎಷ್ಟು ಜನ ಬಂದರು ಅಂತ ಲೆಕ್ಕ ಹಾಕಿ ಬಾಗಿಲಿನ ಅಗಲ ತೀರ್ಮಾನ ಮಾಡಲು ಆಗುತ್ತದಾ? ಅತಿ ಹೆಚ್ಚು ನೂಕುನುಗ್ಗಲಿನ ಹೊತ್ತಿನಲ್ಲಿ ಎಷ್ಟು ಜನ ಒಟ್ಟಿಗೆ ಬರುತ್ತಾರೆ ಎನ್ನುವುದೇ ಬಾಗಿಲಿಗೆ ಮುಖ್ಯ.

ಇಷ್ಟರವರೆಗೆ ಎಲ್ಲರೂ ಒಪ್ಪುತ್ತಾರೆ. ತೊಡಕು ಬರುವುದು ಮುಂದಿನ ಹೆಜ್ಜೆಯಲ್ಲಿ. ನಮ್ಮ ಕೈಗೆ ಸುಲಭವಾಗಿ ಸಿಗುವುದು ದಿನದ ಮಳೆಯ ಅಂಕಿ. ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳದ್ದು. ಹವಾಮಾನ ಇಲಾಖೆ 115.6ರಿಂದ 204.4 ಮಿ.ಮೀ.ವರೆಗಿನ ದಿನದ ಮಳೆಯನ್ನು 'ಅತಿ ಭಾರಿ' ಎನ್ನುತ್ತದೆ. ಒಂದು ದಿನ 200 ಮಿ.ಮೀ. ಬಿತ್ತು ಅನ್ನೋಣ. ಕೈ ತಾನಾಗಿ 24ರಿಂದ ಭಾಗಿಸುತ್ತದೆ. ಗಂಟೆಗೆ 8.33. ಸೂತ್ರಕ್ಕೆ ಹಾಕಿದರೆ 0.565 × 8.33 × 20 ÷ 360, ಅಂದರೆ ಸೆಕೆಂಡಿಗೆ 0.26 ಘನ ಮೀಟರ್. ನೋಡಲು ಉತ್ತರ ಸರಿಯಾಗಿಯೇ ಕಾಣುತ್ತದೆ. ಆದರೆ ಮಳೆ ಹಾಗೆ ಹದವಾಗಿ 24 ಗಂಟೆ ಹಂಚಿಕೊಂಡು ಬೀಳುವುದಿಲ್ಲ ಅಲ್ವಾ? ಪುನರ್ವಸು ಮಳೆಯಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಹಿಡಿದು, ಮಧ್ಯಾಹ್ನ ಒಮ್ಮೆಲೇ ಎದುರು ಮನೆ ಕಾಣದ ಹಾಗೆ ಸುರಿದು, ಮತ್ತೆ ಜಿಟಿಜಿಟಿಗೆ ಇಳಿಯುತ್ತದೆ. ಗಟಾರ ಉಕ್ಕುವುದು ಆ ಮಧ್ಯದ ಹೊತ್ತಿನಲ್ಲಿ.

ಹಾಗಾದರೆ ಎಷ್ಟು ನಿಮಿಷದ ಮಳೆ ನೋಡಬೇಕು? ಐದಾ, ಹದಿನೈದಾ, ಅರವತ್ತಾ? ಇದಕ್ಕೆ ಉತ್ತರ ಮಳೆಯಲ್ಲಿಲ್ಲ, ನೆಲದಲ್ಲಿದೆ. ಜಲಾನಯನದ ಅತಿ ದೂರದ ಮೂಲೆಯಲ್ಲಿ ಬಿದ್ದ ಹನಿ ಕೆರೆಯ ಬಾಯಿಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತಿನ ಮಳೆಯನ್ನು ಹಿಡಿಯಬೇಕು. ಇದಕ್ಕೆ ಸಾಂದ್ರಣ ಕಾಲ ಎನ್ನುತ್ತಾರೆ.

ಯಾಕೆ ಅದೇ ಹೊತ್ತು? ಇಲ್ಲಿ ನಿಧಾನವಾಗಿ ಹೋಗೋಣ. ಹನಿ ಬರಲು 12 ನಿಮಿಷ ಬೇಕು ಅನ್ನಿ. ಮಳೆ 5 ನಿಮಿಷ ಮಾತ್ರ ಜೋರಾಗಿ ಬಂದು ನಿಂತರೆ, ದೂರದ ಓಣಿಯ ನೀರು ದಾರಿಯಲ್ಲಿರುವಾಗಲೇ ಹತ್ತಿರದ ಓಣಿಯ ನೀರು ಹರಿದು ಮುಗಿದಿರುತ್ತದೆ. ಇಡೀ 20 ಹೆಕ್ಟೇರಿನ ನೀರು ಒಟ್ಟಿಗೆ ಬಾಯಿಗೆ ಬರುವ ಕ್ಷಣವೇ ಇರುವುದಿಲ್ಲ. ಇನ್ನು 60 ನಿಮಿಷದ ಮಳೆ ತೆಗೆದುಕೊಂಡರೆ ಎಲ್ಲ ಕಡೆಯ ನೀರೂ ಸೇರುತ್ತದೆ, ನಿಜ. ಆದರೆ ಹೊತ್ತು ಉದ್ದವಾದಷ್ಟೂ ಮಳೆಯ ಸರಾಸರಿ ಜೋರು ಇಳಿಯುತ್ತದೆ. ಇಡೀ ಗಂಟೆ ಒಂದೇ ಸಮನೆ ಆ ರಭಸದಲ್ಲಿ ಸುರಿಯುವುದು ಅಪರೂಪ. ಎಲ್ಲ ಮೂಲೆಯ ನೀರೂ ಸೇರಬೇಕು, ಮಳೆಯ ಜೋರೂ ಇರಬೇಕು. ಇವೆರಡೂ ಕೂಡುವುದು ಸರಿಯಾಗಿ 12 ನಿಮಿಷದಲ್ಲಿ.

ಆ 12 ಹೇಗೆ ಬಂತು? 1940ರ ಕಿರ್ಪಿಚ್ ಸೂತ್ರದಿಂದ. ಹರಿವಿನ ಉದ್ದ ಮೀಟರಿನಲ್ಲಿ, ಅದರ 0.77ನೇ ಘಾತ. ಇಳಿಜಾರಿನ ಮೈನಸ್ 0.385ನೇ ಘಾತ. ಎರಡನ್ನೂ ಗುಣಿಸಿ, 0.0195ರಿಂದ ಗುಣಿಸಿದರೆ ನಿಮಿಷ ಸಿಗುತ್ತದೆ. ಉದ್ದ 600 ಮೀಟರ್, ಇಳಿಜಾರು 100ಕ್ಕೆ 2 (ಸೂತ್ರದಲ್ಲಿ 0.02) ಇದ್ದರೆ 12 ನಿಮಿಷ. ಇಳಿಜಾರು ಕಡಿದಾದಷ್ಟೂ ಹೊತ್ತು ಕಡಿಮೆ. ಹೊತ್ತು ಕಡಿಮೆಯಾದಷ್ಟೂ ಹಿಡಿಯಬೇಕಾದ ಮಳೆಯ ಜೋರು ಜಾಸ್ತಿ. ಘಟ್ಟದ ಮೇಲಿನ ಊರುಗಳಿಗೆ ಬಯಲುಸೀಮೆಯ ಗಟಾರದ ಅಳತೆ ನಕಲು ಮಾಡಬಾರದು ಅನ್ನುವುದು ಇದಕ್ಕೇ.

ಇನ್ನು ಆ 12 ನಿಮಿಷದ ಮಳೆಯ ಜೋರು. ಅದನ್ನು ಐಡಿಎಫ್ ರೇಖೆಯಿಂದ ಓದಬೇಕು. ತೀವ್ರತೆ, ಅವಧಿ, ಎಷ್ಟು ವರ್ಷಕ್ಕೊಮ್ಮೆ ಎಂಬ ಮೂರನ್ನೂ ಒಟ್ಟಿಗೆ ತೋರಿಸುವ ರೇಖೆ ಅದು. ಅದನ್ನು ಕಟ್ಟಲು ನಿಮಿಷಗಳ ಲೆಕ್ಕದ ಮಳೆ ದಾಖಲೆ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ನಗರಸಭೆಯಿಂದ ಪತ್ರ ಬರೆದು ಹತ್ತಿರದ ಮಾಪಕದ ದಾಖಲೆ ಕೇಳುವುದು ಒಳ್ಳೆಯದು.

ಆ ದಾಖಲೆ ಬರುವವರೆಗೆ ಒಂದು ಅಂದಾಜು ಸೂತ್ರ ಇದೆ. ಬೇಕಾದ ಗಂಟೆಯನ್ನು 24ರಿಂದ ಭಾಗಿಸಿ, ಘನಮೂಲ ತೆಗೆದು, ದಿನದ ಮಳೆಯಿಂದ ಗುಣಿಸುವುದು. ಒಂದು ಗಂಟೆಗೆ ಈ ಗುಣಕ 0.347. ಬಾಯಿಪಾಠಕ್ಕೆ ಹೀಗಿಟ್ಟುಕೊಳ್ಳಿ: ದಿನದ ಮಳೆಯಲ್ಲಿ ಮೂರರಲ್ಲೊಂದು ಪಾಲು ಒಂದೇ ಗಂಟೆಯಲ್ಲಿ ಬೀಳಬಹುದು. 200 ಮಿ.ಮೀ. ದಿನಕ್ಕೆ ಆ ಗಂಟೆಯಲ್ಲಿ 69 ಮಿ.ಮೀ. ತೀರಾ ಸಣ್ಣ ಅವಧಿಗೆ ಈ ಸೂತ್ರ ಅಂಕಿಯನ್ನು ಉಬ್ಬಿಸಿಬಿಡುತ್ತದೆ. 12 ನಿಮಿಷಕ್ಕೆ ಹಾಕಿದರೆ ಗಂಟೆಗೆ 200 ದಾಟುತ್ತದೆ. ಹಾಗಾಗಿ ನಾನು ಇದನ್ನು ಒಂದು ಗಂಟೆಗಿಂತ ಕೆಳಗೆ ಎಳೆಯುವುದಿಲ್ಲ, ಉತ್ತರ ಸರಿಯಾದ ಆಸುಪಾಸಿನಲ್ಲಿ ಇದೆಯಾ ಅಂತ ನೋಡಲು ಮಾತ್ರ ಬಳಸುತ್ತೇನೆ.

ರೇಖೆಯಿಂದ 12 ನಿಮಿಷಕ್ಕೆ ಗಂಟೆಗೆ 100 ಮಿ.ಮೀ. ಎಂದು ಸಿಕ್ಕಿತು ಅಂತಿಟ್ಟುಕೊಳ್ಳಿ. 0.565 × 100 × 20 ÷ 360. ಸೆಕೆಂಡಿಗೆ 3.14 ಘನ ಮೀಟರ್. ಮೊದಲಿನ ಉತ್ತರ 0.26. ಸರಿಯಾಗಿ ಹನ್ನೆರಡು ಪಟ್ಟು! ನೀರು ಸೆಕೆಂಡಿಗೆ 2 ಮೀಟರ್ ಓಡುತ್ತದೆ ಎಂದು ಹಿಡಿದರೆ, ಮೊದಲನೆಯದಕ್ಕೆ 36 ಸೆಂ.ಮೀ. ಅಗಲ, ಅಷ್ಟೇ ಆಳದ ಗಟಾರ ಸಾಕು. ಎರಡನೆಯದಕ್ಕೆ ಒಂದೂಕಾಲು ಮೀಟರ್ ಅಗಲ, ಅಷ್ಟೇ ಆಳ ಬೇಕು. ಒಂದು ಭಾಗಾಕಾರದ ಮೇಲೆ ಇಡೀ ಯೋಜನೆಯ ವೆಚ್ಚ ನಿಂತಿದೆ. ಮೊದಲನೆಯದನ್ನು ಕಟ್ಟಿದರೆ ಮೊದಲ ಜೋರು ಮಳೆಗೇ ಓಣಿಯ ಮನೆಗಳಿಗೆ ನೀರು ನುಗ್ಗುತ್ತದೆ.

'ಎಷ್ಟು ವರ್ಷಕ್ಕೊಮ್ಮೆ' ಎಂಬುದರ ಬಗ್ಗೆ ಒಂದೇ ಮಾತು. '5 ವರ್ಷಕ್ಕೊಮ್ಮೆಯ ಮಳೆ' ಅಂದರೆ ಈ ವರ್ಷ ಬಂದರೆ ಇನ್ನು ನಾಲ್ಕು ವರ್ಷ ನಿಶ್ಚಿಂತೆ ಅಂತಲ್ಲ. ಪ್ರತಿ ವರ್ಷವೂ 100ಕ್ಕೆ 20 ಸಾಧ್ಯತೆ. ಯಾವ ಊರಿಗೆ ಎಷ್ಟು ವರ್ಷದ ಮಳೆ ಹಿಡಿಯಬೇಕು ಎನ್ನುವುದಕ್ಕೆ 2019ರ ಕೇಂದ್ರ ಸರ್ಕಾರದ ಮಳೆನೀರು ಚರಂಡಿ ಕೈಪಿಡಿ ನೋಡಿ.

ಕೆರೆಗೆ ಬಂದ ಮೇಲೆ

20 ಹೆಕ್ಟೇರಿನ ಮೇಲೆ 40 ಮಿ.ಮೀ. ಬಿದ್ದರೆ, ನಮ್ಮ ಅಡ್ಡದಾರಿಯಂತೆ 20 × 40 × 10 × 0.565, ಅಂದರೆ 4,520 ಘನ ಮೀಟರ್. ಕೆರೆಯ ವಿಸ್ತೀರ್ಣ 2 ಹೆಕ್ಟೇರ್ ಇದ್ದರೆ ನೀರು ಸುಮಾರು 23 ಸೆಂ.ಮೀ. ಏರುತ್ತದೆ. ಅಷ್ಟು ಜಾಗ ಕೆರೆಯಲ್ಲಿ ಖಾಲಿ ಇದ್ದರೆ ಕೆಳಗಿನ ಓಣಿಗೆ ಆ ನೀರು ಒಮ್ಮೆಲೇ ಹೋಗುವುದಿಲ್ಲ. ಕೋಡಿಯ ಎತ್ತರ ಮತ್ತು ತೂಬಿನ ಸ್ಥಿತಿಯನ್ನು ಅರ್ಜಿಯಲ್ಲಿ ಬರೆಯಲೇಬೇಕು ಎನ್ನುವುದು ಇದಕ್ಕೆ. ಪಾರ್ಕಿನ ಚಂದಕ್ಕೆ ಅಂತ ಕೋಡಿ ಏರಿಸಿ ಕೆರೆಯನ್ನು ಸದಾ ತುಂಬಿಡುವುದು ನನ್ನ ಪ್ರಕಾರ ಅಪಾಯದ ಕೆಲಸ.

ಒಳಹರಿವಿನ ಬಾಯಲ್ಲಿ ಹೂಳು ತಡೆಯುವ ಗುಂಡಿ, ಕಸಕ್ಕೆ ಜಾಳಿಗೆ. ಮೊದಲ ಮಳೆಯ ನೀರೇ ಅತಿ ಕೊಳಕು, ರಸ್ತೆಯ ಧೂಳು, ಎಣ್ಣೆ ಎಲ್ಲ ಅದರಲ್ಲೇ ಬರುತ್ತದೆ. ಗುಂಡಿಯ ಪಕ್ಕ ಜೆಸಿಬಿ ಬರುವಷ್ಟು ದಾರಿ ಬಿಡಬೇಕು. ದಾರಿ ಇಲ್ಲದ ಗುಂಡಿಯ ಹೂಳು ತೆಗೆಯುವವರು ಯಾರು?

ಹಣ ಎಲ್ಲಿಂದ

15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ನಮ್ಮಂಥ ಊರುಗಳಿಗೆ ಹಂಚಿದ ಅನುದಾನದಲ್ಲಿ 100ಕ್ಕೆ 40 ಮುಕ್ತ (ಇಂಥದ್ದಕ್ಕೇ ಎಂದು ಕಟ್ಟಿಹಾಕದ್ದು), 30 ಸ್ವಚ್ಛತೆಗೆ, 30 ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ. 2021ರ ಅಕ್ಟೋಬರ್ 1ರಂದು ಶುರುವಾದ, ಊರುಗಳ ನೀರಿನ ಕೆಲಸಕ್ಕೆ ಕೇಂದ್ರ ಸರ್ಕಾರದ ಯೋಜನೆಯಾದ ಅಮೃತ್ 2.0ರಲ್ಲಿ ಕೆರೆಗಳ ಪುನಶ್ಚೇತನಕ್ಕೂ ಪಾರ್ಕಿಗೂ ಜಾಗ ಇದೆ. ಒಂದು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿಗೆ ಕೇಂದ್ರದ ಪಾಲು ಅರ್ಧ. ಶಿರಸಿ, ಕಾರವಾರ ಎರಡೂ 2011ರ ಜನಗಣತಿಯಂತೆ ಈ ಗುಂಪಿನವು. ಜಲಚರ ಪರಿಸರ ಸಂರಕ್ಷಣೆಯ ರಾಷ್ಟ್ರೀಯ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು 60:40.

ಇಲ್ಲಿ ಗಮನಿಸಬೇಕಾದ್ದು: ಕಾಲುದಾರಿ, ಬೆಂಚು, ದೀಪ ಅಂತ ಶುರುವಾಗುವ ಅರ್ಜಿ ಸುಮ್ನೆ ಪಾರ್ಕಿನ ಅರ್ಜಿ ಆಗಿಬಿಡುತ್ತದೆ. ನೀರಿನ ಲೆಕ್ಕ ಮೊದಲ ಪುಟದಲ್ಲಿ ಇರಲಿ, ಬೆಂಚು ಕೊನೆಗೆ ಬರಲಿ. ಇನ್ನೊಂದು, ಅಮೃತ್ 2.0ರಲ್ಲಿ ಕೆರೆಗೆ ತರುವ ಮಳೆನೀರಿನ ಚರಂಡಿಯಲ್ಲಿ ಕೊಳಚೆ ಸೇರಿರಬಾರದು. ಅದನ್ನು ಪತ್ತೆ ಮಾಡುವುದು ಸುಲಭ. ಫೆಬ್ರವರಿ, ಮಾರ್ಚಿನಲ್ಲಿ ಹೋಗಿ ನೋಡಿ. ಆಗಲೂ ಗಟಾರದಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆಯದಲ್ಲ, ಯಾರದೋ ಬಚ್ಚಲಿನದು. ಆ ಮನೆಗಳ ನೀರಿಗೆ ಬೇರೆ ದಾರಿ ಮಾಡುವ ಕೆಲಸವನ್ನೂ ಯೋಜನೆಗೆ ಸೇರಿಸಬೇಕು.

ಅಮೃತ್ 2.0ರಲ್ಲಿ ಕೇಂದ್ರದ ಪಾಲು 100ಕ್ಕೆ 20, 40, 40ರಂತೆ ಮೂರು ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಸಣ್ಣದು. ಅದರಲ್ಲಿ ಒಳಹರಿವಿನ ಗುಂಡಿ ಮತ್ತು ಕೋಡಿಯ ರಿಪೇರಿ ಮುಗಿಯುವ ಹಾಗೆ ಕೆಲಸದ ಕ್ರಮ ಜೋಡಿಸಿದರೆ, ಮುಂದಿನ ಕಂತು ತಡವಾದರೂ ಆ ವರ್ಷದ ಮಳೆಗೆ ಕೆರೆ ಸಿದ್ಧ ಇರುತ್ತದೆ. ಮೇ ಕೊನೆಯೊಳಗೆ ಕಾಂಕ್ರೀಟ್ ಮುಗಿಯಬೇಕು. ಜೂನ್ ಮೊದಲ ವಾರದ ಮೇಲೆ ನಮ್ಮಲ್ಲಿ ಗುಂಡಿ ತೋಡಿದರೆ ನೀರು ಎತ್ತುವ ಪಂಪಿನ ಖರ್ಚೂ ಸೇರುತ್ತದೆ, ಅದು ಎಸ್ಟಿಮೇಟಿನಲ್ಲಿ ಇರುವುದಿಲ್ಲ. ನಿರ್ವಹಣೆಗೆ ವರ್ಷಕ್ಕೆ ಎರಡು ಸಲ ಹೂಳು ತೆಗೆಯುವ ಖರ್ಚು ತೋರಿಸಿ, ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಆರಿದ್ರಾ ಮಳೆ ಕಳೆದ ಮೇಲೆ. ಫೋಟೋ ಮಾತ್ರ ಜುಲೈನಲ್ಲೇ ತೆಗೆದಿಡಿ, ಗಟಾರ ಉಕ್ಕುವಾಗ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ದಿನಾಂಕ ಮತ್ತು ಹೊತ್ತು ಬರುವ ಹಾಗೆ. ಆ ಹೊತ್ತನ್ನು ಮಳೆಮಾಪಕದ 15 ನಿಮಿಷದ ಅಂಕಿಯ ಜೊತೆ ಇಟ್ಟು ತೋರಿಸಬಹುದು.