ವರ್ಷಗಟ್ಟಲೆ ನಿಂತ ಪದ್ಮಿನಿಯನ್ನು ಮನೆಯಲ್ಲೇ ಮತ್ತೆ ಓಡಿಸಬಹುದೇ?

ಪ್ರಶ್ನೆ: ನಮ್ಮ ತಂದೆಯವರು 1984ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಸುಮಾರು ಹತ್ತು ವರ್ಷಗಳಿಂದ ಶೆಡ್ಡಿನಲ್ಲೇ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದರೆ ಸಾಕೇ? ಇದರಲ್ಲಿ ನಾನೇ ಮಾಡಿಕೊಳ್ಳಬಹುದಾದ ಕೆಲಸ ಎಷ್ಟು?

ಉತ್ತರ: ಸದ್ಯಕ್ಕೆ ಕೀಲಿಕೈ ತಿರುಗಿಸುವುದೇ ಬೇಡ. ಇಟಲಿಯ ಫಿಯಟ್ 1100ರಿಂದ ಬಂದು ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿನಲ್ಲಿ 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್, ಪ್ಲಗ್ಗುಗಳಿಗೆ ಕಿಡಿ ಹಂಚುವ, ಪಾಯಿಂಟ್ (ತೆರೆದು ಮುಚ್ಚುವ ವಿದ್ಯುತ್ ಸಂಪರ್ಕ) ಇರುವ ಡಿಸ್ಟ್ರಿಬ್ಯೂಟರ್ ಎಲ್ಲವೂ ಕಣ್ಣಿಗೆ ಕಾಣುವಂತೆ, ಸ್ಪ್ಯಾನರಿಗೆ ಎಟುಕುವಂತೆ ಇರುವುದರಿಂದ ಬಹುಪಾಲು ಕೆಲಸವನ್ನು ಮನೆಯಲ್ಲೇ ಮಾಡಬಹುದು. ಆದರೆ ನಿಂತ ಎಂಜಿನ್ನಿನಲ್ಲಿ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆ ಪೂರಾ ಇಳಿದುಹೋಗಿ ಪಿಸ್ಟನ್ ರಿಂಗುಗಳು ತುಕ್ಕಿಗೆ ಅಂಟಿಕೊಂಡಿರುವ ಸಾಧ್ಯತೆ ಇದ್ದು, ಆ ಸ್ಥಿತಿಯಲ್ಲಿ ಸ್ಟಾರ್ಟರ್ ಮೋಟಾರಿನ ಬಲ ಹಾಕಿದರೆ ಇನ್ನೂ ಗಟ್ಟಿಯಾಗಿರುವ ರಿಂಗೂ ಮುರಿಯಬಹುದು.

ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ರಂಧ್ರಕ್ಕೂ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ಹಾಗೆಯೇ ಬಿಡಿ. ಆಮೇಲೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನಿನ ಮುಂಭಾಗದ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿ ನೋಡಿ. ಜಗ್ಗದಿದ್ದರೆ ಬಲಪ್ರಯೋಗ ಬೇಡ, ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಸಲೀಸಾಗಿ ತಿರುಗಿದ ಮೇಲೆ ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 20ಡಬ್ಲ್ಯು-50 ದರ್ಜೆಯ ಎಂಜಿನ್ ಆಯಿಲ್ ತುಂಬಿಸಿ. ಬ್ಯಾಟರಿ ಬೇಕಾಗುವುದು ಈಗ: ಪ್ಲಗ್ಗುಗಳನ್ನು ಹಾಕದೆಯೇ ಸ್ವಲ್ಪ ಸ್ವಲ್ಪ ಹೊತ್ತು ಸ್ಟಾರ್ಟರ್ ತಿರುಗಿಸಿದರೆ, ಎಣ್ಣೆ ಮೇಲೇರಿ ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುತ್ತದೆ. ಬ್ಯಾಟರಿ ಜೋಡಿಸುವ ಮುನ್ನ ವೈರಿಂಗನ್ನು ಪೂರ್ತಿ ನೋಡಿಕೊಳ್ಳುವುದನ್ನು ಮರೆಯಬೇಡಿ, ಏಕೆಂದರೆ ನಮ್ಮ ಶೆಡ್ಡುಗಳಲ್ಲಿ ಇಲಿಗಳು ವೈರು ಕಡಿಯದೆ ಬಿಡುವುದು ಅಪರೂಪ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಈಗ ಅಂಟಾಗಿರುತ್ತದೆ. ಅದನ್ನು ಬಯಲಿನಲ್ಲಿ, ಬ್ಯಾಟರಿಯ ಸಂಪರ್ಕ ತಪ್ಪಿಸಿದ ಮೇಲೆ ಇಳಿಸಿ, ಟ್ಯಾಂಕಿನ ಒಳಗಿನ ತುಕ್ಕನ್ನು ಪರೀಕ್ಷಿಸಿ, ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್ಟುಗಳನ್ನು ಕ್ಲೀನರಿನಿಂದ ತೊಳೆಯಿರಿ. ಜೆಟ್ಟಿನೊಳಗೆ ತಂತಿ ತೂರಿಸಿದರೆ ರಂಧ್ರ ಹಿಗ್ಗಿ ಪೆಟ್ರೋಲಿನ ಪ್ರಮಾಣವೇ ಕೆಡುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳು ಮತ್ತು ಪೆಟ್ರೋಲ್ ಪಂಪಿನ ಡಯಾಫ್ರಮ್ ಬೇಗ ಮೆತ್ತಗಾಗಿ ಸೋರತೊಡಗುತ್ತವೆ. ಎಥನಾಲ್ ತಡೆಯುವಂಥ ಪೈಪುಗಳನ್ನೇ ಕೇಳಿ ಹಾಕಿಸಿ. ಎಥನಾಲ್ ತೇವವನ್ನು ಹೀರುವುದರಿಂದ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡದಿರುವುದು ಒಳ್ಳೆಯದು. ಇನ್ನು ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಹಿಡಿದು 0.4 ಮಿಲಿಮೀಟರಿನ ಆಸುಪಾಸಿನಲ್ಲಿ, ಗಾಡಿಯ ಕೈಪಿಡಿ ಹೇಳುವ ಅಂತರಕ್ಕೆ ಹೊಂದಿಸಿದರೆ ಕಿಡಿಯ ಕೆಲಸ ಬಹುತೇಕ ಮುಗಿಯಿತು.

ಎಂಜಿನ್ ಸದ್ದು ಕೇಳಿದೊಡನೆ ಗಾಡಿಯನ್ನು ರಸ್ತೆಗೆ ಇಳಿಸುವ ಆಸೆ ಬರುವುದು ಸಹಜ, ಆದರೆ ಹೊರಡಿಸುವುದಕ್ಕಿಂತ ನಿಲ್ಲಿಸುವುದೇ ಹೆಚ್ಚಿನ ಕೆಲಸ. ಪದ್ಮಿನಿಯ ನಾಲ್ಕೂ ಗಾಲಿಗಳಲ್ಲಿ ಡ್ರಮ್ ಬ್ರೇಕುಗಳಿವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಗಾಲಿಯ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರುಗಳ ಒಳಗೆ ತುಕ್ಕು ಹಿಡಿದು ರಬ್ಬರ್ ಕಪ್ಪುಗಳು ಗಟ್ಟಿಯಾಗಿರುತ್ತವೆ, ಪೆಡಲ್ ಗಟ್ಟಿಯಾಗಿ ಸಿಕ್ಕರೂ ಅದನ್ನು ನಂಬುವಂತಿಲ್ಲ. ವೀಲ್ ಸಿಲಿಂಡರ್ ಮತ್ತು ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಕಿಟ್ಟುಗಳನ್ನೂ ರಬ್ಬರ್ ಹೋಸುಗಳನ್ನೂ ಒಟ್ಟಿಗೇ ಬದಲಿಸುವುದು ನನ್ನ ಮಟ್ಟಿಗೆ ಚೌಕಾಸಿಗೆ ಆಸ್ಪದವಿಲ್ಲದ ಖರ್ಚು. ಪೇಂಟಿಗೆ ಇಟ್ಟ ಹಣವನ್ನಾದರೂ ಇದಕ್ಕೆ ತಿರುಗಿಸಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಬ್ಲೀಡಿಂಗನ್ನು (ಬ್ರೇಕ್ ಪೈಪುಗಳಲ್ಲಿ ಸೇರಿದ ಗಾಳಿ ಹೊರತೆಗೆಯುವುದನ್ನು) ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ, ಅಂದರೆ ಹಿಂದಿನ ಎಡಗಾಲಿಯಿಂದ ಶುರುಮಾಡಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತೂರುವುದಂತೂ ಕೂಡದು, ಸ್ಟ್ಯಾಂಡು ಇರಲೇಬೇಕು. ಬ್ರೇಕಿನ ಕೆಲಸದ ಅಭ್ಯಾಸವಿಲ್ಲದಿದ್ದರೆ ಇದೊಂದನ್ನು ಹಳೆಯ ಫಿಯಟ್ ಬಲ್ಲ ಮೆಕ್ಯಾನಿಕ್ಕಿಗೆ ಒಪ್ಪಿಸಿ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಶಿವಾಜಿನಗರದ ಗುಜರಿಯಲ್ಲೂ ವಿಚಾರಿಸಬಹುದು, ಬಿಚ್ಚಿದ ಹಳೆಯ ಭಾಗವನ್ನು ಜೊತೆಗೇ ಒಯ್ಯಿರಿ. ಟೈರುಗಳು ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷ ದಾಟಿದ್ದರೆ ಬದಲಿಸಲೇಬೇಕು.

ಕೊನೆಯದಾಗಿ ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಅಲ್ಲಿಂದ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. 2021ರ ನಿಯಮದಂತೆ ಸಿಗುವ ವಿಂಟೇಜ್ ನೋಂದಣಿಗೆ ಗಾಡಿಗೆ 50 ವರ್ಷ ತುಂಬಿರಬೇಕಾದ್ದರಿಂದ 1984ರ ನಿಮ್ಮ ಪದ್ಮಿನಿಗೆ ಇನ್ನೂ ಆ ದಾರಿ ತೆರೆದಿಲ್ಲ. ಆರ್‌ಟಿಓದಲ್ಲಿ ಫಿಟ್ನೆಸ್ ಪರೀಕ್ಷೆ ಮುಗಿಸಿ, ಹಸಿರು ತೆರಿಗೆ ಮತ್ತು ವಿಮೆ ಕಟ್ಟಿ, ಸಾಮಾನ್ಯ ನವೀಕರಣವನ್ನೇ ಮಾಡಿಸಿಕೊಳ್ಳಬೇಕಾಗುತ್ತದೆ.