ಉಸಿರು ಬೇಗ ಪಳಗುತ್ತದೆ, ಕಾಲಿಗೆ ಸಮಯ ಬೇಕು

ಡ್ರೆಸಾಜ್ ಎಂಬ ಶಿಸ್ತಿನ ಸವಾರಿ, ಬಯಲಿನ ಬೇಲಿಗಳನ್ನು ಜಿಗಿದು ಓಡುವ ಕ್ರಾಸ್‌ಕಂಟ್ರಿ, ಮೈದಾನದ ಜಿಗಿತ, ಈ ಮೂರೂ ಸೇರಿದ ಸ್ಪರ್ಧೆಯೇ ಈವೆಂಟಿಂಗ್. ಅದಕ್ಕೆ ಕುದುರೆ ತಯಾರು ಮಾಡುವ ಸವಾರರಲ್ಲಿ ಸೋಮಾರಿಗಳು ಕಡಿಮೆ. ಅವರನ್ನು ಕೆಡಿಸುವುದು ಅವಸರ. ಆರೇಳು ವಾರ ನಿಯಮಿತವಾಗಿ ಕೆಲಸ ಕೊಟ್ಟರೆ ಸಾಕು, ಕುದುರೆಯ ಏದುಸಿರು ಬೇಗ ತಣಿಯತೊಡಗುತ್ತದೆ, ಹೊಟ್ಟೆ ಕರಗುತ್ತದೆ, ಲಾಯದಿಂದ ಹೊರಗೆ ಬಂದ ಕೂಡಲೇ ಓಡಬೇಕೆಂದು ಲಗಾಮು ಎಳೆಯುತ್ತದೆ. ಸವಾರನಿಗೆ ಇನ್ನೇನು ರೆಡಿ ಅನ್ನಿಸಿಬಿಡುತ್ತದೆ. ಆದರೆ ಅಷ್ಟು ದಿನದಲ್ಲಿ ಸುಧಾರಿಸಿರುವುದು ಹೃದಯ, ರಕ್ತ ಮತ್ತು ಮಾಂಸಖಂಡ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆ, ಗೊರಸು ಇವಕ್ಕೆ ತಿಂಗಳುಗಳೇ ಬೇಕು, ಕೆಲವು ಕುದುರೆಗಳಿಗೆ ವರ್ಷ ದಾಟುತ್ತದೆ. ಈ ಎರಡರ ನಡುವಿನ ಅಂತರದಲ್ಲೇ ಒಳ್ಳೊಳ್ಳೆಯ ಕುದುರೆಗಳು ಕುಂಟುತ್ತವೆ. ದಮ್ಮು ತುಂಬಿದ ಕುದುರೆ ತನ್ನ ಕಾಲು ಹೊರಲಾರದಷ್ಟು ವೇಗವಾಗಿ ಓಡಬಲ್ಲದು. ತಯಾರಿಯ ಯೋಜನೆ ಬರೆಯುವಾಗ ನಾನು ಲೆಕ್ಕ ಹಾಕುವುದು ಕಾಲಿನ ಕಡೆಯಿಂದ. ಉಸಿರು ತಾನಾಗಿಯೇ ಹಿಂದೆ ಬರುತ್ತದೆ.

ಸಹಿಷ್ಣುತೆಯ ಹಂತಗಳು ಅಂದರೆ ಏನೆಂದು ಹೊಸಬರಿಗೆ ಒಮ್ಮೆ ಹೇಳಬೇಕು. ಈ ಕ್ರೀಡೆ ಸೈನ್ಯದ ಕುದುರೆಗಳ ಪರೀಕ್ಷೆಯಾಗಿ ಹುಟ್ಟಿ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲು ಸೇರಿತು. ಹಳೆಯ ದೀರ್ಘ ಮಾದರಿಯಲ್ಲಿ ಎರಡನೆಯ ದಿನ ನಾಲ್ಕು ಹಂತ. ಎ ಹಂತದಲ್ಲಿ ರಸ್ತೆ ಮತ್ತು ಕಾಲುದಾರಿಯ ಮೇಲೆ ನಿಮಿಷಕ್ಕೆ 220 ಮೀಟರ್ ವೇಗದ ಪಯಣ. ಬಿ ಹಂತದಲ್ಲಿ ಸ್ಟೀಪಲ್‌ಚೇಸ್, ಅಂದರೆ ಬೇಲಿ ಜಿಗಿಯುತ್ತ ವೇಗದ ಓಟ, ಮೇಲ್ಮಟ್ಟದಲ್ಲಿ ನಿಮಿಷಕ್ಕೆ 690 ಮೀಟರ್. ಸಿ ಹಂತದಲ್ಲಿ ಮತ್ತೆ ರಸ್ತೆ. ಆಮೇಲೆ ಹತ್ತು ನಿಮಿಷ ಕಡ್ಡಾಯ ವಿಶ್ರಾಂತಿ, ಪಶುವೈದ್ಯರ ತಪಾಸಣೆ. ಕೊನೆಗೆ ಡಿ ಹಂತ, ಅಂದರೆ ಕ್ರಾಸ್‌ಕಂಟ್ರಿ. ಒಲಿಂಪಿಕ್ಸ್ ಮಟ್ಟದಲ್ಲಿ ಇದೆಲ್ಲ ಸೇರಿ ಒಂದೇ ದಿನ 20 ಕಿಲೋಮೀಟರ್ ದಾಟುತ್ತಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದ ಎ, ಬಿ, ಸಿ ಹೋಗಿ ಕ್ರಾಸ್‌ಕಂಟ್ರಿ ಮಾತ್ರ ಉಳಿಯಿತು. ಕೆಳಹಂತದ ಸವಾರರಿಗಾಗಿ ದೀರ್ಘ ಮಾದರಿಯನ್ನು ಕೆಲವು ದೇಶಗಳಲ್ಲಿ ಇನ್ನೂ ನಡೆಸುತ್ತಾರೆ. ಕುದುರೆಯ ದೇಹ ಓದುವುದನ್ನು ಅದರಷ್ಟು ಚೆನ್ನಾಗಿ ಕಲಿಸುವ ಶಾಲೆ ಬೇರೆ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ರಸ್ತೆ ಹಂತಗಳು ಹೋದವೆಂದು ತಯಾರಿ ಹಗುರವಾಯಿತು ಅಂದುಕೊಳ್ಳಬೇಡಿ. ಈ ಕ್ರೀಡೆಯ ಅತಿ ಮೇಲಿನ ಪಂಚತಾರಾ ಮಟ್ಟದಲ್ಲಿ ಇವತ್ತಿಗೂ ನಿಮಿಷಕ್ಕೆ 570 ಮೀಟರ್ ವೇಗದಲ್ಲಿ ಹನ್ನೊಂದು ನಿಮಿಷದ ಆಸುಪಾಸು ಓಡಬೇಕು. ತಿರುವುಗಳು ಹೆಚ್ಚಿವೆ, ಒಂದರ ಹಿಂದೊಂದು ಬರುವ ಬೇಲಿಗಳು ಹೆಚ್ಚಿವೆ. ಪ್ರತಿ ಸಲ ವೇಗ ಇಳಿಸಿ ಮತ್ತೆ ಏರಿಸುವುದಕ್ಕೆ ಕುದುರೆ ಶಕ್ತಿ ತೆರುತ್ತದೆ.

ಈಗ ಕಾಲಿನ ವಿಷಯ. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನಿಂದ ಕೆಳಗೆ ಮಾಂಸಖಂಡ ಇಲ್ಲವೇ ಇಲ್ಲ ಅನ್ನಬಹುದು. ಮೂಳೆ, ಟೆಂಡನ್, ಚರ್ಮ, ಅಷ್ಟೇ. ನಾಗಾಲೋಟದಲ್ಲಿ ಇಡೀ ದೇಹದ ಭಾರ ಒಂದು ಮುಂಗಾಲಿನ ಮೇಲೆ ಬೀಳುವ ಕ್ಷಣ, ಕಾಲಿನ ಹಿಂಬದಿಯ ಮೇಲ್ಪದರದ ಟೆಂಡನ್ ಹರಿಯುವ ಮಿತಿಗೆ ಹತ್ತಿರ ಹತ್ತಿರ ಹಿಗ್ಗುತ್ತದೆ. ಹಿಗ್ಗಿ ಕುಗ್ಗುವಾಗ ಅದರ ಒಳತಿರುಳು ಬಿಸಿಯಾಗಿ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದೆಂದು ಅಳತೆ ಮಾಡಿ ನೋಡಿದ್ದಾರೆ. ಅಲ್ಲಿ ರಕ್ತನಾಳಗಳು ವಿರಳ, ಹಾಗಾಗಿ ಗಾಯವಾದರೆ ವಾಸಿಯಾಗುವುದು ನಿಧಾನ, ವಾಸಿಯಾದ ಮೇಲೂ ಮೊದಲಿನ ಪುಟಿತ ಬರುವುದಿಲ್ಲ. ಮೂಳೆಯದು ಬೇರೆ ಸ್ವಭಾವ. ಹೊಸ ಭಾರ ಬಿದ್ದಾಗ ಅದು ಹಳೆಯ ಭಾಗವನ್ನು ಮೊದಲು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ. ಅಂದರೆ ತಯಾರಿಯ ನಡುವೆ ಮೂಳೆ ಸ್ವಲ್ಪ ಕಾಲ ಮೊದಲಿಗಿಂತ ದುರ್ಬಲವಾಗಿರುತ್ತದೆ. ಹೊರಗೆ ಕಾಣುವ ಕುದುರೆ ಹುಮ್ಮಸ್ಸಿನಿಂದ ಮಿಂಚುತ್ತಿರುವ ದಿನಗಳೂ ಅವೇ.

ಬಿಡುವಿನ ನಂತರ ಲಾಯದಿಂದ ಹೊರಬಂದ ಕುದುರೆಗೆ ನಾಲ್ಕರಿಂದ ಆರು ವಾರ ಬರೀ ನಡಿಗೆ. ಸುಮ್ಮನೆ ಕಾಲೆಳೆಯುವ ನಡಿಗೆ ಆಗಬಾರದು. ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತು ದಾಟುವಂತೆ, ಗುರಿ ಇಟ್ಟುಕೊಂಡು ನಡೆಯಬೇಕು. ಇಪ್ಪತ್ತು ನಿಮಿಷದಿಂದ ಶುರುವಾಗಿ ಒಂದೂವರೆ ಗಂಟೆವರೆಗೆ ಹೋಗಲಿ. ನೆಲ ಬದಲಾಗುತ್ತಿರಲಿ: ಗಟ್ಟಿ ದಾರಿ ಸ್ವಲ್ಪ, ಹುಲ್ಲು ಸ್ವಲ್ಪ, ಏರು ಇಳಿತ ಸ್ವಲ್ಪ. ಈ ಹಂತ ಸವಾರರಿಗೆ ಬೇಸರ, ಆದ್ದರಿಂದ ಇದನ್ನೇ ಕತ್ತರಿಸುತ್ತಾರೆ. ದಯವಿಟ್ಟು ಕತ್ತರಿಸಬೇಡಿ. ಆಮೇಲೆ ಟ್ರಾಟ್ (ಕುಲುಕು ಓಟ) ಸೇರಿಸಿ, ಅದನ್ನು ಆದಷ್ಟು ಏರಿನ ಮೇಲೆ ಮಾಡಿ. ಏರು ಹತ್ತುವಾಗ ಹೃದಯ ದುಡಿಯುತ್ತದೆ, ಕಾಲಿಗೆ ಬೀಳುವ ಪೆಟ್ಟು ಮಾತ್ರ ವೇಗದ ಓಟಕ್ಕಿಂತ ಎಷ್ಟೋ ಕಡಿಮೆ. ಇಳಿಜಾರನ್ನು ನಡೆದೇ ಇಳಿಯಿರಿ.

ಬೆಳಿಗ್ಗೆ ಕೆಲಸಕ್ಕೆ ಮೊದಲು, ಕಾಲಿಗೆ ನೀರು ತಾಗುವ ಮುನ್ನ, ನಾಲ್ಕೂ ಕಾಲನ್ನು ಬರಿಗೈಯಲ್ಲಿ ಮುಟ್ಟಿ ನೋಡುವುದು ನನ್ನ ಲಾಯದಲ್ಲಿ ತಪ್ಪದ ನಿಯಮ. ಮೊಣಕಾಲಿನ ಹಿಂದಿನಿಂದ ಗೊರಸಿನ ಮೇಲಿನ ಗೆಣ್ಣಿನವರೆಗೆ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ನಿಧಾನವಾಗಿ ಜಾರಿಸಬೇಕು. ಟೆಂಡನ್‌ನ ಅಂಚು ಬೆರಳಿಗೆ ಸ್ಪಷ್ಟವಾಗಿ ಸಿಗಬೇಕು. ನಂತರ ಕಾಲೆತ್ತಿ, ಭಾರ ಇಲ್ಲದಾಗ ಮತ್ತೊಮ್ಮೆ ಒತ್ತಿ ನೋಡಬೇಕು. ಒಂದು ಕಾಲಿನ ಒಂದೇ ಜಾಗ ಪಕ್ಕದ ಕಾಲಿಗಿಂತ ಸ್ವಲ್ಪ ಬೆಚ್ಚಗಿದ್ದರೆ, ಅಂಚು ಮಸುಕಾಗಿದ್ದರೆ, ಒತ್ತಿದಾಗ ಕುದುರೆ ಕಾಲು ಸೆಳೆದುಕೊಂಡರೆ ಅವತ್ತು ಓಟ ಇಲ್ಲ. ಕುಂಟುತ್ತಿಲ್ಲವಲ್ಲ ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ, ಏಕೆಂದರೆ ಟೆಂಡನ್ ಕೆಡುವಾಗ ಕುಂಟು ತಡವಾಗಿ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಪಶುವೈದ್ಯರನ್ನು ಕರೆಸಿ ಅಲ್ಟ್ರಾಸೌಂಡ್ ಮಾಡಿಸಿ. ಯಾವ ಕಾಲಿನ ಮಾಮೂಲಿ ಸ್ಥಿತಿ ಹೇಗಿರುತ್ತದೆ ಎಂಬುದು ದಿನವೂ ಮುಟ್ಟುವ ಕೈಗೆ ಮಾತ್ರ ಗೊತ್ತು, ಅದಕ್ಕೇ ಆ ಕೆಲಸ ದಿನಕ್ಕೊಬ್ಬರು ಮಾಡುವಂತೆ ಇರಬಾರದು.

ಅಡಿಪಾಯ ಗಟ್ಟಿಯಾದ ಮೇಲೆ ಇಂಟರ್ವಲ್ ತರಬೇತಿ. ಮನುಷ್ಯ ಓಟಗಾರರಿಂದ ಬಂದ ಈ ಪದ್ಧತಿಯನ್ನು ಈವೆಂಟಿಂಗ್‌ನಲ್ಲಿ ಬೇರೂರಿಸಿದವರಲ್ಲಿ ಫ್ರಾನ್ಸ್ ಮೂಲದ ಜ್ಯಾಕ್ ಲ ಗಾಫ್ ಪ್ರಮುಖರು. 1970ರಲ್ಲಿ ಅಮೆರಿಕ ತಂಡದ ತರಬೇತುದಾರರಾದ ಅವರ ಕೈಕೆಳಗೆ ಆ ತಂಡ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿತು. ತತ್ವ ಸರಳ: ಸ್ವಲ್ಪ ಹೊತ್ತು ಕೆಲಸ, ಅರ್ಧ ಸುಧಾರಿಸಿಕೊಳ್ಳುವಷ್ಟು ನಡಿಗೆ, ಮತ್ತೆ ಕೆಲಸ. ಮೂರು ನಿಮಿಷದ ಕ್ಯಾಂಟರ್ (ಹದವಾದ ದೌಡು) ಮೂರು ಸಲ, ನಡುವೆ ಮೂರು ಮೂರು ನಿಮಿಷ ನಡಿಗೆ, ಇಷ್ಟರಿಂದ ಶುರು ಮಾಡಿ ಐದು ನಿಮಿಷದ ಮೂರು ಕ್ಯಾಂಟರ್‌ಗೆ ಹೋಗಬಹುದು. ವೇಗ ನಿಮಿಷಕ್ಕೆ 400 ಮೀಟರ್. ನಾಲ್ಕು ದಿನಕ್ಕೊಮ್ಮೆ ಸಾಕು, ನಡುವಿನ ದಿನಗಳು ಡ್ರೆಸಾಜ್, ಜಿಗಿತ, ಹೊರಗಿನ ನಡಿಗೆಗೆ. ಒಂದು ಸಲಕ್ಕೆ ಸಮಯ ಅಥವಾ ವೇಗ, ಎರಡರಲ್ಲಿ ಒಂದನ್ನು ಮಾತ್ರ ಏರಿಸಿ. ಸ್ಪರ್ಧೆಯ ವೇಗದ ಗ್ಯಾಲಪ್ (ನಾಗಾಲೋಟ) ಕೊನೆಯ ವಾರಗಳಲ್ಲಿ, ಅದೂ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಮಾತ್ರ ಬೇಕು. ಪೂರ್ತಿ ದೂರವನ್ನು ಪೂರ್ತಿ ವೇಗದಲ್ಲಿ ಮನೆಯಲ್ಲೇ ಓಡಿಸಿ ನೋಡುವ ಸವಾರರು ಸ್ಪರ್ಧೆಗೆಂದು ಉಳಿಸಬೇಕಾದ ಕಾಲನ್ನು ಅಲ್ಲೇ ಖರ್ಚು ಮಾಡಿಬಿಡುತ್ತಾರೆ.

ಅಳತೆಗೆ ಹೃದಯ ಬಡಿತವನ್ನು ನಂಬಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44, ಗರಿಷ್ಠ ದುಡಿಮೆಯಲ್ಲಿ 220ರಿಂದ 240. ತರಬೇತಿಯಿಂದ ಈ ಗರಿಷ್ಠ ಮಿತಿ ಬದಲಾಗುವುದಿಲ್ಲ. ಅದೇ ವೇಗಕ್ಕೆ ಬಡಿತ ಎಷ್ಟು ಕಡಿಮೆ ಸಾಕಾಗುತ್ತದೆ, ಆಮೇಲೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಬದಲಾಗುತ್ತದೆ. ಕ್ಯಾಂಟರ್ ಮುಗಿದು ಹತ್ತು ಹದಿನೈದು ನಿಮಿಷ ನಡೆದ ಮೇಲೂ ಬಡಿತ 64ಕ್ಕಿಂತ ಮೇಲಿದ್ದರೆ ಅವತ್ತಿನ ಕೆಲಸ ಹೆಚ್ಚಾಯಿತು, ಅಥವಾ ಎಲ್ಲೋ ನೋವಿದೆ. ಉಸಿರನ್ನು ನೋಡಿ ತೀರ್ಮಾನಿಸುವವರಿಗೆ ಒಂದು ಮಾತು: ಸೆಖೆಯಲ್ಲಿ ಕುದುರೆ ದೇಹದ ಬಿಸಿ ಹೊರಹಾಕಲು ಏದುಸಿರು ಬಿಡುತ್ತದೆ, ಕೆಲವು ಸಲ ಉಸಿರಿನ ಎಣಿಕೆ ಹೃದಯ ಬಡಿತವನ್ನೂ ಮೀರುತ್ತದೆ. ಅದು ದಣಿವಿನ ಲೆಕ್ಕವಲ್ಲ, ತಣ್ಣೀರು ಬೇಕೆಂಬ ಸೂಚನೆ. ಇನ್ನೊಂದು: ಕ್ಯಾಂಟರ್ ಮತ್ತು ಗ್ಯಾಲಪ್‌ನಲ್ಲಿ ಕುದುರೆ ಒಂದು ದಾಪಿಗೆ, ಅಂದರೆ ನಾಲ್ಕೂ ಕಾಲಿನ ಒಂದು ಸುತ್ತು ಹೆಜ್ಜೆಗೆ, ಒಂದೇ ಉಸಿರು ತೆಗೆಯುತ್ತದೆ. ಸವಾರ ಲಗಾಮು ಜಗ್ಗಿ ದಾಪನ್ನು ಒಡೆದಾಗಲೆಲ್ಲ ಉಸಿರನ್ನೂ ಒಡೆಯುತ್ತಾನೆ. ಸಮನಾದ ಲಯದಲ್ಲಿ ಓಡುವ ಕುದುರೆ ಕೊನೆಯ ನಿಮಿಷದಲ್ಲೂ ದಮ್ಮು ಉಳಿಸಿಕೊಂಡಿರಲು ಇದೊಂದು ದೊಡ್ಡ ಕಾರಣ.

ಬಿಸಿ ಮತ್ತು ನೀರಿನ ಬಗ್ಗೆ ಹಳೆಯ ತಪ್ಪು ನಂಬಿಕೆಗಳು ಇನ್ನೂ ಓಡಾಡುತ್ತಿವೆ. ಮಾಂಸಖಂಡ ಬಳಸುವ ಶಕ್ತಿಯಲ್ಲಿ ಬಹುಪಾಲು, ಸುಮಾರು 80 ಶೇಕಡಾ, ಬಿಸಿಯಾಗಿ ಹೋಗುತ್ತದೆ. ವಿಶ್ರಾಂತಿಯಲ್ಲಿ 38 ಡಿಗ್ರಿಯ ಆಸುಪಾಸಿನ ದೇಹ ಕ್ರಾಸ್‌ಕಂಟ್ರಿ ಮುಗಿಯುವಾಗ 41 ಮುಟ್ಟುವುದು ಅಪರೂಪವಲ್ಲ. ಬಿಸಿ ಕುದುರೆಯ ಮೇಲೆ ತಣ್ಣೀರು ಸುರಿದರೆ ಮಾಂಸಖಂಡ ಹಿಡಿದುಕೊಳ್ಳುತ್ತದೆಂದು ಹಿಂದೆ ಹೆದರುತ್ತಿದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಬಿಸಿಲಿಗೆ ತಯಾರಾಗಲು ನಡೆಸಿದ ಸಂಶೋಧನೆ ಆ ಭಯವನ್ನು ಅಲ್ಲಗಳೆಯಿತು. ತಣ್ಣೀರನ್ನು ಕತ್ತು, ಬೆನ್ನು, ಪೃಷ್ಠದ ಮೇಲೆ ನಿಲ್ಲಿಸದೆ ಸುರಿಯಿರಿ. ನೀರು ಧಾರಾಳವಾಗಿದ್ದರೆ ನಡುವೆ ಒರೆಸುತ್ತ ಕೂರಬೇಕಿಲ್ಲ. ಒದ್ದೆ ಬಟ್ಟೆ ಹೊದಿಸಿ ಬಿಡುವುದು ತಪ್ಪು, ಅದು ಬಿಸಿಯನ್ನು ಒಳಗೇ ಕಟ್ಟಿಹಾಕುತ್ತದೆ. ಕುಡಿಯಲು ನೀರನ್ನೂ ತಡೆಯಬೇಡಿ.

ಕುದುರೆಯ ಬೆವರಿನಲ್ಲಿ ಉಪ್ಪಿನಂಶ ನಮ್ಮ ಬೆವರಿಗಿಂತ ಬಹಳ ಹೆಚ್ಚು. ಕಷ್ಟದ ಕೆಲಸದಲ್ಲಿ ಗಂಟೆಗೆ ಹತ್ತು ಲೀಟರ್‌ಗೂ ಮೀರಿ ಬೆವರಬಲ್ಲದು. ನೀರಿನ ಜೊತೆಗೇ ಉಪ್ಪೂ ಹೋಗುವುದರಿಂದ ರಕ್ತ ಗಾಢವಾಗಿ ಬಾಯಾರಿಕೆ ಹುಟ್ಟಿಸುವ ಸೂಚನೆ ಮೆದುಳಿಗೆ ಹೋಗುವುದಿಲ್ಲ. ದೇಹ ಒಣಗಿದ್ದರೂ ಕುದುರೆ ಬಕೆಟ್ಟಿನತ್ತ ಮುಖ ತಿರುಗಿಸದು. ಆದ್ದರಿಂದ ಎಲೆಕ್ಟ್ರೊಲೈಟ್ (ಬೆವರಿನಲ್ಲಿ ಹೋದ ಲವಣ ತುಂಬುವ ಮಿಶ್ರಣ) ಬೇಕು, ಆದರೆ ಕುದುರೆ ನೀರು ಕುಡಿಯುತ್ತಿರುವಾಗ ಮಾತ್ರ. ಹಾಗಲ್ಲದೆ ಉಪ್ಪು ತುಂಬಿದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆಯುತ್ತದೆ. ಮೇವಿನಲ್ಲಿ ನಾರಿಗೆ ಮೊದಲ ಸ್ಥಾನ ಕೊಡಿ. ಒಣಹುಲ್ಲು ತಿಂದ ಹಿಂಗರುಳು ನೀರು ಹಿಡಿದಿಟ್ಟುಕೊಂಡು ಓಟದ ಹೊತ್ತಿಗೆ ಒದಗಿಸುತ್ತದೆ. ಧಾನ್ಯದ ದೊಡ್ಡ ಊಟ ಓಟಕ್ಕೆ ನಾಲ್ಕು ಗಂಟೆ ಮೊದಲೇ ಮುಗಿದಿರಲಿ.

ಸವಾರನ ತಯಾರಿಗೆ ಜನ ಕೊಡುವ ಗಮನ ತೀರ ಕಡಿಮೆ. ಮೋಟು ರಿಕಾಪಿನಲ್ಲಿ (ಪಾದ ಇಡುವ ಕೊಂಡಿಯಲ್ಲಿ), ಜೀನಿನಿಂದ ಎದ್ದು, ಮಂಡಿ ಮತ್ತು ಹಿಮ್ಮಡಿಯಲ್ಲಿ ಭಾರ ಹೊತ್ತು ಏಳೆಂಟು ನಿಮಿಷ ಇರುವುದು ದೊಡ್ಡ ದೇಹಶ್ರಮ. ದಣಿದ ಸವಾರ ಜೀನಿನ ಹಿಂಭಾಗಕ್ಕೆ ಕುಸಿಯುತ್ತಾನೆ, ಸಮತೋಲಕ್ಕೆ ಲಗಾಮು ಹಿಡಿದು ನೇತಾಡುತ್ತಾನೆ. ಆಗಲೇ ದಣಿದಿರುವ ಕುದುರೆಯ ಬೆನ್ನಿಗೆ ಅದು ಅನ್ಯಾಯ. ಕತ್ತು ಹಿಡಿಯದೆ, ಲಗಾಮಿಗೆ ಭಾರ ಕೊಡದೆ ಆ ಆಸನದಲ್ಲಿ ಪೂರ್ತಿ ಓಟದ ಅವಧಿಗಿಂತ ಎರಡು ನಿಮಿಷ ಹೆಚ್ಚು ನಿಲ್ಲಬಲ್ಲಿರಾ ಎಂಬುದು ನಾನು ಶಿಷ್ಯರಿಗೆ ಇಡುವ ಪರೀಕ್ಷೆ. ವಾರಕ್ಕೆ ಮೂರು ದಿನ ಓಡಿ ಅಥವಾ ಸೈಕಲ್ ತುಳಿಯಿರಿ, ಸೊಂಟ ಮತ್ತು ತೊಡೆಗೆ ವ್ಯಾಯಾಮ ಕೊಡಿ.

ವೇಗದ ಅಂದಾಜನ್ನೂ ಅಭ್ಯಾಸ ಮಾಡಬೇಕು. ಬಯಲಿನಲ್ಲಿ 400 ಮೀಟರ್ ಅಳೆದು ಎರಡು ಗುರುತು ನೆಡಿ. ಆ ದೂರಕ್ಕೆ ಒಂದು ನಿಮಿಷವಾದರೆ ನಿಮ್ಮ ವೇಗ 400, 46 ಸೆಕೆಂಡಿಗೆ 520, 42 ಸೆಕೆಂಡಿಗೆ 570. ಗಡಿಯಾರ ನೋಡದೆ ಮೈಗೆ ಆ ಲಯ ತಿಳಿಯುವವರೆಗೆ ಮಾಡಿ, ಕಿವಿಗೆ ಬಡಿಯುವ ಗಾಳಿಯೂ ಗುರುತು ಹೇಳತೊಡಗುತ್ತದೆ. ಕ್ರಾಸ್‌ಕಂಟ್ರಿಯಲ್ಲಿ ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4 ದಂಡಾಂಕ. ಅದಕ್ಕೆ ಹೆದರಿ ಮೊದಲ ಎರಡು ನಿಮಿಷ ಓಡಿಸಿಬಿಡುವವರೇ ಕೊನೆಯಲ್ಲಿ ಹೆಚ್ಚು ದಂಡ ತೆರುತ್ತಾರೆ. ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡುವಾಗಲೇ ಅಳತೆಚಕ್ರ ಉರುಳಿಸಿ, ಪ್ರತಿ ನಿಮಿಷಕ್ಕೆ ಎಲ್ಲಿರಬೇಕೆಂದು ಒಂದು ಮರವನ್ನೋ ಬೇಲಿಯನ್ನೋ ಗುರುತು ಮಾಡಿಕೊಳ್ಳಿ.

ದೀರ್ಘ ಮಾದರಿಯಲ್ಲಿ ಓಡುವವರಿಗೆ ಎರಡು ಮಾತು. ಎ ಹಂತದಲ್ಲಿ ಕಿಲೋಮೀಟರಿಗೆ ನಾಲ್ಕು ನಿಮಿಷದ ಟ್ರಾಟ್ ಇಟ್ಟುಕೊಂಡರೆ 220ರ ಲೆಕ್ಕಕ್ಕಿಂತ ಪ್ರತಿ ಕಿಲೋಮೀಟರಿಗೆ ಅರ್ಧ ನಿಮಿಷ ಉಳಿಯುತ್ತದೆ. ಆ ಉಳಿತಾಯ ಸ್ಟೀಪಲ್‌ಚೇಸ್‌ಗೆ ಮೊದಲು ಹೊಟ್ಟೆಪಟ್ಟಿ ಬಿಗಿಯಲು, ರಿಕಾಪು ಮೋಟು ಮಾಡಲು. ಸಿ ಹಂತದ ಮೊದಲ ಕಿಲೋಮೀಟರ್ ಲಗಾಮು ಉದ್ದ ಬಿಟ್ಟು ನಡೆಸಿ, ಲಾಳ ನಾಲ್ಕೂ ಇವೆಯೇ ನೋಡಿಸಿ. ಸ್ಟೀಪಲ್‌ಚೇಸ್‌ನ ಏದುಸಿರು ಅಲ್ಲಿ ಇಳಿಯದಿದ್ದರೆ ಹತ್ತು ನಿಮಿಷದ ವಿಶ್ರಾಂತಿಯಲ್ಲೂ ಇಳಿಯದು.

ಕೊನೆಯದಾಗಿ, ನಿಲ್ಲಿಸುವುದನ್ನು ಕಲಿಯಿರಿ. ಲಗಾಮಿನ ಮೇಲೆ ತಲೆ ಭಾರವಾಗುತ್ತದೆ, ದಾಪು ಚಪ್ಪಟೆಯಾಗುತ್ತದೆ, ತಿರುವಿನಲ್ಲಿ ಮುಂಚಾಚುವ ಕಾಲು ಬದಲಿಸುವುದಿಲ್ಲ, ಮೊದಲು ತಾಗದಿದ್ದ ಹಿಂಗೊರಸು ಬೇಲಿಗೆ ತಾಗತೊಡಗುತ್ತದೆ. ಇವು ಒಟ್ಟಿಗೆ ಬಂದರೆ ಮುಂದಿನ ಗಟ್ಟಿ ಬೇಲಿಯಲ್ಲಿ ಕುದುರೆಗೆ ಕಾಲೆತ್ತುವ ಶಕ್ತಿ ಇರಲಾರದು. ಗಟ್ಟಿ ಬೇಲಿಗೆ ಕಾಲು ಸಿಕ್ಕಿ ಕುದುರೆ ಸವಾರನ ಮೇಲೆಯೇ ಉರುಳುವ ಅಪಘಾತ ಈ ಕ್ರೀಡೆಯಲ್ಲಿ ಅತ್ಯಂತ ಭೀಕರವಾದದ್ದು. ದಣಿದ ಕುದುರೆಯನ್ನು ಮುಂದೆ ದೂಡುವುದು ಅಂತರರಾಷ್ಟ್ರೀಯ ನಿಯಮದ ಪ್ರಕಾರವೂ ಶಿಕ್ಷಾರ್ಹ. ಬಾರುಕೋಲು ಮಾತ್ರ ಎತ್ತಬೇಡಿ. ನಡಿಗೆಗೆ ಇಳಿಸಿ, ಮುಂದಿನ ಬೇಲಿಯ ಬಳಿ ನಿಂತಿರುವ ತೀರ್ಪುಗಾರರಿಗೆ ಕೈ ಎತ್ತಿ ತೋರಿಸಿ, ದಾರಿಯ ಪಕ್ಕಕ್ಕೆ ಸರಿದು ಇಳಿದು ಹೊಟ್ಟೆಪಟ್ಟಿ ಸಡಿಲಿಸಿ, ನೀರು ಇರುವ ಕಡೆಗೆ ಕುದುರೆಯನ್ನು ನಡೆಸಿಕೊಂಡು ಹೋಗಿ.